ಬಿಚ್ಚದೆ ಉಳಿದ ಮದ್ದಿನ ಚೀಲ

ಸಾಮ್ರಾಜ್ಯಗಳು ಹುಟ್ಟುತ್ತವೆ, ಬೆಳೆಯುತ್ತವೆ, ಕಾಲ ಬಂದಾಗ ಮಣ್ಣಾಗುತ್ತವೆ. ಇದನ್ನು ತಪ್ಪಿಸಲು ಯಾವ ಚಕ್ರವರ್ತಿಗೂ ಸಾಧ್ಯವಾಗಿಲ್ಲ. ಫ್ರೇಜರ್ ಟೌನಿನಲ್ಲಿ ಮಾತ್ರ ಅವು ಕಾಲಕ್ಕೆ ಕಾಯದೆ ಕರೆಂಟು ಹೋದಾಗಲೆಲ್ಲ ಮಣ್ಣಾಗುತ್ತಿದ್ದವು. ಯುಪಿಎಸ್ ಕೊಂಡ ಮೇಲೆ ಇತಿಹಾಸಕ್ಕೆ ತುಸು ಸ್ಥಿರತೆ ಬಂತು.

ನಾವು ಮೂವರು, ಐವತ್ತು ದಾಟಿದವರು. ಮೊಣಕಾಲು ನೋವಿನ ಬಗ್ಗೆ ಮಾತಾಡಬೇಕಾದ ವಯಸ್ಸಿನಲ್ಲಿ ಕಂಪ್ಯೂಟರ್ ಆಟಗಳ ಬಗ್ಗೆ ಜಗಳವಾಡುತ್ತಿದ್ದೆವು. ಒಬ್ಬ ಶಿವಾಜಿನಗರದಲ್ಲಿ ಹೊಲಿಗೆ ಮಿಷನ್ನಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು. ಅವನನ್ನು ಭಾಯ್ ಎನ್ನುತ್ತಿದ್ದೆವು. ಇನ್ನೊಬ್ಬ ಹಲಸೂರಿನವನು. ಮನೆಯಲ್ಲಿ ತಮಿಳು, ಕಾರ್ಖಾನೆಯಲ್ಲಿ ಇಂಗ್ಲಿಷು, ಜಗಳಕ್ಕೆ ಕನ್ನಡ. ಸೈನ್ಯದ ಗೇಟಿನೊಳಗೆ ಒಮ್ಮೆಯೂ ಕಾಲಿಡದಿದ್ದರೂ ಪರದೆಯ ಮೇಲೆ ಖಂಡಗಳನ್ನೇ ಗೆದ್ದವನಾದ್ದರಿಂದ ಅವನಿಗೆ ಕ್ಯಾಪ್ಟನ್ ಎಂಬ ಹುದ್ದೆ ಕೊಟ್ಟಿದ್ದೆವು. ಮೂರನೆಯವನು ನಾನು. ನನಗೆ ಆಡಲು ಬರುತ್ತಿರಲಿಲ್ಲ, ಅಭಿಪ್ರಾಯಗಳಿದ್ದವು. ಸಭೆಗೆ ಅಷ್ಟು ಸಾಕಾಗಿತ್ತು.

ಸಭೆ ಭಾನುವಾರ ಬೆಳಿಗ್ಗೆ, ಫ್ರೇಜರ್ ಟೌನಿನ ಭಾಯ್ ಮನೆಯ ಮಹಡಿಯಲ್ಲಿ. ನಾನು ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಆಯುಷ್ಯದ ಒಂದು ಭಾಗ ಕಳೆದು ಬರುವಷ್ಟರಲ್ಲಿ ಅವರಿಬ್ಬರೂ ಶುರು ಮಾಡಿಯಾಗಿರುತ್ತಿತ್ತು. ಭಾಯ್‌ನ ಮಗಳು ಹಾಲಿಲ್ಲದ ಸುಲೈಮಾನಿ ಚಹಾ ತಂದಿಟ್ಟು, "ಅಂಕಲ್, ಪಾರ್ಲಿಮೆಂಟಲ್ಲಿ ಸ್ವಲ್ಪ ಮೆತ್ತಗೆ ಮಾತಾಡಿ, ಕೆಳಗಡೆ ಮನೆಯವ್ರು ಏನೋ ಜಗಳ ಅಂದ್ಕೊಂಡಿದ್ದಾರೆ" ಎಂದು ಹೋಗುತ್ತಿದ್ದಳು.

ಜಗಳವೇ ಆಗಿತ್ತು. ಕ್ಯಾಪ್ಟನ್‌ನದು ಸ್ಟ್ರಾಟೆಜಿ ಆಟಗಳ ಪಕ್ಷ: ಊರು ಕಟ್ಟು, ಸೇನೆ ಬೆಳೆಸು, ಪಕ್ಕದವನ ಊರು ಹಿಡಿ. ಭಾಯ್‌ನದು ರೋಲ್ ಪ್ಲೇಯಿಂಗ್ ಆಟಗಳ ಪಕ್ಷ: ನಾಲ್ಕು ಜನ ಸಂಗಾತಿಗಳನ್ನು ಕಟ್ಟಿಕೊಂಡು ಕಾಡು ಮೇಡು ಅಲೆ, ಸಿಕ್ಕವರನ್ನೆಲ್ಲ ಮಾತಾಡಿಸು, ಕೊನೆಗೆ ಲೋಕವನ್ನು ಉಳಿಸು.

"ಪ್ರಪಂಚ ಮುಳುಗ್ತಾ ಇರುತ್ತೆ ಮಚ್ಚಾ," ಎನ್ನುತ್ತಿದ್ದ ಕ್ಯಾಪ್ಟನ್. "ದಾರೀಲಿ ಒಬ್ಬಳು ಮುದುಕಿ ಸಿಗ್ತಾಳೆ, ನನ್ನ ಕೋಳಿ ಕಳೆದೋಗಿದೆ ಹುಡುಕ್ಕೊಡಿ ಅಂತಾಳೆ. ಇವನು ಪ್ರಪಂಚ ಬಿಟ್ಬಿಟ್ಟು ಕೋಳಿ ಹಿಂದೆ ಹೋಗ್ತಾನೆ!"

"ಕೋಳಿ ತಂದ್ಕೊಟ್ರೆ ಮುದುಕಿ ದುವಾ ಮಾಡ್ತಾಳೆ. ನಿನ್ನ ಆಟದಲ್ಲಿ ಸಾವಿರ ಜನ ಸಾಯ್ತಾರೆ ಯಾರ್, ಒಬ್ಬನಿಗಾದ್ರೂ ಹೆಸರಿದೆಯಾ?"

"ಹೆಸರಿಟ್ಟುಕೊಂಡು ಕೂತ್ರೆ ಯುದ್ಧ ಮಾಡಕ್ಕಾಗಲ್ಲ ಗುರು."

ಭಾಯ್‌ಗೆ ಎರಡು ಅಭ್ಯಾಸಗಳಿದ್ದವು. ಇಂಥ ಆಟಗಳಲ್ಲಿ ಗಾಯಕ್ಕೆ ಕುಡಿಯುವ ಮದ್ದಿನ ಸೀಸೆಗಳು ದಾರಿಯುದ್ದಕ್ಕೂ ಸಿಗುತ್ತವೆ. ಅವನು ಒಂದನ್ನೂ ಬಿಚ್ಚುತ್ತಿರಲಿಲ್ಲ. "ಮುಂದೆ ಬೇಕಾಗುತ್ತೆ" ಎಂದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಸಂಗಾತಿಗಳು ಕುಂಟುತ್ತ ನಡೆಯುತ್ತಿದ್ದರು, ಚೀಲ ಮಾತ್ರ ಆರೋಗ್ಯವಾಗಿರುತ್ತಿತ್ತು. ಎರಡನೆಯದು, ಯಾವ ಆಟವನ್ನೂ ಮುಗಿಸುತ್ತಿರಲಿಲ್ಲ. ಕೊನೆಯ ರಾಕ್ಷಸನಿರುವ ಬಾಗಿಲ ತನಕ ಹೋಗಿ, ಅಲ್ಲಿ ಸೇವ್ ಮಾಡಿ, ಬೇರೆ ಆಟ ಶುರು ಮಾಡುತ್ತಿದ್ದ. ಯಾಕೆಂದರೆ, "ಮುಗಿದ್ಮೇಲೆ ಅವ್ರೆಲ್ಲ ಮಾತು ನಿಲ್ಲಿಸ್ಬಿಡ್ತಾರೆ" ಎನ್ನುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಪ್ರಿಯವಾದ ಆಟವೊಂದಿತ್ತು. ಅದರಲ್ಲಿ ಕತ್ತಿ ಹಿಡಿಯದ ಒಬ್ಬ ವೈದ್ಯೆ ಇದ್ದಳು. ಪ್ರತಿ ಸಂಜೆ ಬಿಡಾರದ ಬೆಂಕಿಯ ಮುಂದೆ ಅವಳು ನಾಯಕನನ್ನು ದಣಿವಾಯಿತೇ ಎಂದು ಕೇಳುತ್ತಿದ್ದಳು. ಆ ಮಾತಿಗಾಗಿ ಭಾಯ್ ದಾರಿ ಮುಗಿದಿದ್ದರೂ ಬಿಡಾರ ಹೂಡುತ್ತಿದ್ದ. ಮನೆಯಲ್ಲಿ ಆ ಮಾತು ಕೇಳುವವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈ ವಿಷಯದ ಮೇಲೆ ಕ್ಯಾಪ್ಟನ್ ಕೂಡ ತಮಾಷೆ ಮಾಡುತ್ತಿರಲಿಲ್ಲ.

ಭಾಯ್‌ಗೆ ಸಕ್ಕರೆ ಕಾಯಿಲೆ ಹಳೆಯದು. ಅದು ಕಣ್ಣಿಗಿಳಿದಾಗ ಡಾಕ್ಟರು ಇಂಜೆಕ್ಷನ್ ಹೇಳಿದ್ದರು. ಇನ್ನೂ ಜೋರಾದಾಗ ನೋಡೋಣವೆಂದು ಇವನು ಮುಂದೆ ಹಾಕಿದ. ಜೋರಾಯಿತು. ಮೌಸಿನ ಬಾಣ ಎಲ್ಲಿದೆ ಎಂದು ನಮ್ಮನ್ನು ಕೇಳತೊಡಗಿದ. ಆಮೇಲೆ ಒಂದು ಭಾನುವಾರ ಮಗಳು ಚಹಾ ಇಟ್ಟು, ಹೋಗದೆ ನಿಂತಳು. "ಆಪರೇಷನ್ ಅಂತ ಹೇಳಿದ್ದಾರೆ ಅಂಕಲ್. ಆದ್ರೂ ದೃಷ್ಟಿ ಬರೋದು ಕಷ್ಟ ಅಂದ್ರು, ಎರಡೂ ಕಣ್ಣು."

ಅವಳು ಇಳಿದು ಹೋದಳು. ಆಮೇಲೆ ಭಾಯ್, "ಒಂದು ಆಟದ ಕೊನೆ ನೋಡ್ಬೇಕು ಗುರು. ಅದೇ ಆಟ. ಏನಾಗ್ತಾರೆ ಅವ್ರೆಲ್ಲ, ನೋಡ್ಬೇಕು" ಎಂದ.

ಅವನ ಕೈಯಲ್ಲಿ ಆಡಲು ಆಗುತ್ತಿರಲಿಲ್ಲ. ನನಗೆ ಬರುತ್ತಿರಲಿಲ್ಲ. ಉಳಿದವನು ಕ್ಯಾಪ್ಟನ್. ಹೀಗೆ, ಜೀವಮಾನವಿಡೀ ಕೋಳಿ ಹುಡುಕುವವರನ್ನು ಗೇಲಿ ಮಾಡಿದವನು ಆ ಪಕ್ಷದ ಅಂತಿಮ ಯುದ್ಧಕ್ಕೆ ಸೇನಾಧಿಪತಿಯಾದ. ಭಾಯ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ. ಬರಹ ಓದಿ ಹೇಳುವುದು, ಆಗುತ್ತಿರುವುದನ್ನು ವರ್ಣಿಸುವುದು ನನ್ನ ಕೆಲಸ.

ಒಂದು ಮಾತು ಹೇಳಬೇಕು. ಭಾಯ್ ಆಡುತ್ತಿದ್ದುದು ಅತಿ ಕಠಿಣ ಕ್ರಮದಲ್ಲಿ. ಅಲ್ಲಿ ಸತ್ತವರು ಸತ್ತಂತೆಯೇ, ಹಿಂದಿನ ಸೇವ್‌ಗೆ ಮರಳುವ ದಾರಿಯಿಲ್ಲ. ಸತ್ತವರನ್ನು ವಾಪಸ್ಸು ಕರೆಯುವುದು ಮೋಸವೆಂದು ಅವನ ನಂಬಿಕೆ.

ಬಾಗಿಲು ತೆರೆಯಿತು. ರಾಕ್ಷಸ ನಮ್ಮ ಮನೆಯ ವಾಟರ್ ಟ್ಯಾಂಕಿನ ಗಾತ್ರವಿದ್ದ. ಕ್ಯಾಪ್ಟನ್ ಸ್ವಲ್ಪ ಹೊತ್ತು ಹೊಡೆದು, ಹೊಡೆಸಿಕೊಂಡು, ತನಗೆ ಗೊತ್ತಿದ್ದ ವಿದ್ಯೆಗೇ ಇಳಿದ.

"ವೈದ್ಯೆ ಮುಂದೆ ಹೋದಳು," ಎಂದೆ ನಾನು.

"ಅವಳ್ಯಾಕೆ ಮುಂದೆ?" ಎಂದ ಭಾಯ್.

"ಸುಮ್ನಿರು, ಪ್ಲ್ಯಾನ್ ಇದೆ. ಅವನು ಇವಳ ಹಿಂದೆ ಬರ್ತಾನೆ, ನಮ್ಮೋರು ಹಿಂದಿಂದ ಹೊಡೀತಾರೆ. ಕತ್ತಿ ಇಲ್ದೋಳು ತಾನೆ, ನಷ್ಟ ಕಮ್ಮಿ."

"ಲೈಫು ಎಷ್ಟಿದೆ ಅವಳದ್ದು?"

"ಅರ್ಧ," ಎಂದೆ. ಸ್ವಲ್ಪ ತಡೆದು, "ಅರ್ಧಕ್ಕಿಂತ ಕಡಿಮೆ" ಎಂದೆ.

ಭಾಯ್ ಬಾಯಿ ತೆರೆದ, ಏನೋ ಹೇಳಲು ಹೊರಟ, ಹೇಳಲಿಲ್ಲ. ಪರದೆಯ ಕೆಳಗೆ ಸಂಗಾತಿಗಳ ಮುಖಗಳು ಸಾಲಾಗಿ ಇರುತ್ತವೆ. ಸತ್ತವರ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ನಾನು ವರ್ಣಿಸುವುದನ್ನು ನಿಲ್ಲಿಸಿದ್ದೆ.

"ಹೇಳ್ಬೇಡ ಬಿಡು," ಎಂದ ಭಾಯ್. "ಬಣ್ಣ ಹೋಗಿದ್ದು ಕಾಣಿಸ್ತು."

ಎರಡು ಹೊಡೆತದಲ್ಲಿ ರಾಕ್ಷಸ ಬಿದ್ದ. ಯೋಜನೆ ಯಶಸ್ವಿಯಾಗಿತ್ತು. ಬಿದ್ದವನ ಬಳಿಯಿದ್ದ ನಿಧಿಯನ್ನು ಚೀಲಕ್ಕೆ ಹಾಕಿಕೊಳ್ಳಿ ಎಂದು ಆಟ ಹೇಳಿತು, ಕ್ಯಾಪ್ಟನ್ ಒತ್ತಿದ, ಚೀಲದಲ್ಲಿ ಜಾಗವಿಲ್ಲ ಎಂದಿತು. ಅವನು ಚೀಲ ತೆರೆದ. ಅಷ್ಟು ಹೊತ್ತೂ ಅದನ್ನು ತೆರೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ; ಅವನ ಆಟಗಳಲ್ಲಿ ಸೈನಿಕರಿಗೆ ಚೀಲವೇ ಇರುವುದಿಲ್ಲ. ಒಳಗೆ ಸಾಲು ಸಾಲು ಮದ್ದಿನ ಸೀಸೆಗಳು. ಕೆಳಗೆ ಸರಿಸಿದಷ್ಟೂ ಸೀಸೆಗಳು.

"ಡೇ, ಇಷ್ಟೊಂದು ಮದ್ದಿತ್ತಲ್ಲೋ," ಎಂದ ಕ್ಯಾಪ್ಟನ್. ದನಿ ಎತ್ತಲಿಲ್ಲ. "ಒಂದು ಕೊಟ್ಟಿದ್ರೆ ಸಾಕಾಗ್ತಿತ್ತು. ಯಾಕೋ ಹೇಳ್ಲಿಲ್ಲ?"

"ಹೇಳೋಣ ಅಂದ್ಕೊಂಡೆ. ಇವನ ಹಿಂದೆ ಇನ್ನೊಬ್ಬ ದೊಡ್ಡೋನು ಬರ್ತಾನೇನೋ ಅಂತ."

"ಯಾರೂ ಬರಲ್ಲ ಭಾಯ್. ಇವನೇ ಕೊನೇವ್ನು."

ಆಮೇಲೆ ಕಥೆಯ ಮುಕ್ತಾಯ ಬಂತು. ಒಬ್ಬೊಬ್ಬ ಸಂಗಾತಿಯ ಚಿತ್ರ, ಕೆಳಗೆ ಅವನಿಗೆ ಮುಂದೆ ಏನಾಯಿತೆಂಬ ನಾಲ್ಕು ಸಾಲು. ನಾನು ಓದುತ್ತ ಹೋದೆ. ಬಿಲ್ಲುಗಾರ ಸಮುದ್ರದ ಕಡೆ ಹೋದ. ಕಳ್ಳ ಮದುವೆಯಾದ, ಹೀಗಾಗಿ ಕಳ್ಳತನ ಬಿಟ್ಟ. ಭಾಯ್ ಅದಕ್ಕೆ ನಕ್ಕ.

"ಅವಳದ್ದು ಓದು," ಎಂದ.

"ಅವಳದ್ದು ಬರ್ದಿಲ್ಲ ಭಾಯ್."

ಅವನು ಪರದೆಯ ಮೇಲೆ ಕೈಯಿಟ್ಟು, ಮುಖಗಳ ಸಾಲಿದ್ದ ಜಾಗವನ್ನು ಬೆರಳಿನಿಂದ ಹುಡುಕಿದ. ಆ ಹೊತ್ತಿಗೆ ಅಲ್ಲಿ ಆಟ ಮಾಡಿದವರ ಹೆಸರುಗಳು ಮೇಲೇರುತ್ತಿದ್ದವು. ಖಂಡಗಳನ್ನು ಗೆದ್ದ ಕ್ಯಾಪ್ಟನ್ ಎದ್ದು ಕಿಟಕಿಯ ಹತ್ತಿರ ಹೋಗಿ, ಕೆಳಗೆ ಸ್ಕೂಟರ್ ನಿಲ್ಲಿಸಿದ್ದು ಸರಿಯಿದೆಯೇ ಎಂದು ಬಹಳ ಹೊತ್ತು ಪರೀಕ್ಷಿಸಿದ.

ಮೇಲೆ ಬಂದ ಮಗಳು ಅಪ್ಪನ ಮುಖ ನೋಡಿ, "ಕ್ಯಾ ಹುವಾ ಅಬ್ಬಾ? ಸೋತ್ರಾ?" ಎಂದಳು.

"ಇಲ್ಲ ಬೇಟಾ. ಗೆದ್ದಿದ್ದೀವಿ," ಎಂದ ಭಾಯ್. "ಅಂಕಲ್‌ಗೆ ಇನ್ನೊಂದು ಚಹಾ ಕೊಡು, ತುಂಬಾ ಚೆನ್ನಾಗಿ ಆಡ್ದ."

ಕ್ಯಾಪ್ಟನ್ ಚಹಾ ಕುಡಿಯಲಿಲ್ಲ.

ಮರುವಾರ ಆಪರೇಷನ್ ಆಯಿತು. ಎಡಗಣ್ಣು ಬರಲಿಲ್ಲ. ಬಲಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟು ಗೊತ್ತಾಗುತ್ತದೆ. ಅಂಗಡಿಯನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ.