ಊಟದ ಹೊತ್ತಿನ ಸೈಕಲ್

ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರದ ಸೈಕಲ್ ಹಂಚುತ್ತಲೇ ನನ್ನ ಶಾಲೆಯ ನೌಕರಿ ಮುಗಿಯಿತು. ಕೀಲಿ ಕೈಗಿಟ್ಟು, ಫೋಟೊಕ್ಕೆ ನಕ್ಕು, ಹುಷಾರಾಗಿ ಹೊಡೆಯಿರಿ ಎಂದು ಬುದ್ಧಿ ಹೇಳುತ್ತಿದ್ದೆ. ನನಗೆ ಮಾತ್ರ ಸೈಕಲ್ ಬರುತ್ತಿರಲಿಲ್ಲ. ನಮ್ಮ ತವರಿನಲ್ಲಿ ಸೈಕಲ್ ಅಣ್ಣಂದಿರದು, ಅದನ್ನು ಒರೆಸುವ ಬಟ್ಟೆ ನನ್ನದು. ನಿವೃತ್ತಿಯಾದ ಮೇಲೆ ಉಳಿದದ್ದು ಒಂದೇ ಆಸೆ: ಸಾಯುವುದರೊಳಗೆ, ಯಾರೂ ಹಿಡಿದುಕೊಳ್ಳದೆ, ಒಂದು ಸುತ್ತು ಹೊಡೆಯಬೇಕು.

ಮನೆಯವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಅರವತ್ತಕ್ಕ ಅರಳು ಮರಳು ಅಂತಾರ. ನಿನಗ ಟೈಮಿಗಿ ಸರಿಯಾಗಿ ಬಂದದ ನೋಡು" ಎಂದರು.

ಅಷ್ಟರಲ್ಲಿ ಬೀದರಿನ ನಮ್ಮ ಬಡಾವಣೆಯ ಉದ್ಯಾನಕ್ಕೆ ಅನುದಾನ ಬಂತು. ಜನರ ಆರೋಗ್ಯಕ್ಕಾಗಿ ಸೈಕಲ್ ಪಥ, ಯಾರು ಬೇಕಾದರೂ ಹೊಡೆಯಲು ಪುಕ್ಕಟೆ ಸೈಕಲ್. ಚೆನ್ನಾಗಿದ್ದ ಹುಲ್ಲನ್ನು ಕಿತ್ತು ಇಟ್ಟಿಗೆ ಹಾಸಿದರು. 'ಉದ್ಯಾನದೊಳಗೆ ಸೈಕಲ್ ತರಬಾರದು' ಎಂಬ ಹಳೆಯ ಫಲಕವನ್ನು ಕೀಳದೆ ಅದಕ್ಕೂ ಬಣ್ಣ ಹಚ್ಚಿದರು. ಬಣ್ಣಕ್ಕೂ ಅನುದಾನವಿತ್ತಂತೆ.

ಉದ್ಘಾಟನೆಯ ದಿನ ಹಸಿರು ಸೈಕಲ್‌ಗಳು ಸೀಟಿನ ಪ್ಲಾಸ್ಟಿಕ್ ಸಮೇತ ಟೆಂಪೊದಲ್ಲಿ ಬಂದಿಳಿದವು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಮುಖ್ಯ ಅತಿಥಿಗಳನ್ನು ಸೈಕಲ್ ಮೇಲೆ ಕೂರಿಸಿ, ಫೋಟೊ ಮುಗಿಯುವ ತನಕ ಇಬ್ಬರು ಹಿಂದಿನಿಂದ ಹಿಡಿದುಕೊಂಡರು. ಅವರಿಗೂ ಬರುವುದಿಲ್ಲವೆಂದು ಕಂಡು ನನಗೆ ಧೈರ್ಯ ಬಂತು. ಆಮೇಲೆ ಎಲ್ಲರೂ ಶಾಮಿಯಾನದೊಳಗೆ ಉಪ್ಪಿಟ್ಟಿಗೆ ನುಗ್ಗಿದರು.

ಸೈಕಲ್‌ಗಳ ಹತ್ತಿರ ಉಳಿದವನು ಟೆಂಪೊ ಡ್ರೈವರ್ ಒಬ್ಬನೇ. ಕಲಿಸುತ್ತೀಯೇನಪ್ಪಾ ಎಂದು ಕೇಳಿದೆ.

"ಹತ್ರಿ ಅಮ್ಮಾ, ನಾ ಹಿಡೀತೇನಿ. ಸಾಹೇಬ್ರು ಕೈ ತೊಳ್ಕೊಂಡು ಬರೋದ್ರಾಗ ಇಳಿಸ್ತೇನಿ" ಎಂದ.

ಸೆರಗು ಸಿಕ್ಕಿಸಿ ಹತ್ತಿದೆ, ಬಿದ್ದೆ. ಸೀಟಿನ ಪ್ಲಾಸ್ಟಿಕ್ ಹರಿಯಿತು, ಬೆಲ್ ಸೊಟ್ಟಾಯಿತು. ಮತ್ತೆ ಹತ್ತಿ ನೆಟ್ಟಗೆ ಕೂರುವುದನ್ನು ಕಲಿಯುವಷ್ಟರಲ್ಲಿ ಉಪ್ಪಿಟ್ಟು ಮುಗಿಯಿತು.

ಮರುದಿನ ಹೋದರೆ ಉದ್ಯಾನದಲ್ಲಿ ಒಂದು ಸೈಕಲ್ಲೂ ಇಲ್ಲ. ಹಿಂದಿನ ದಿನ ನಂಬರ್ ಕೊಟ್ಟಿದ್ದ ಡ್ರೈವರನಿಗೆ ಫೋನ್ ಮಾಡಿದೆ.

"ಸೋಮವಾರ ಭಾಲ್ಕಿ ಪಾರ್ಕಿನಾಗ ಉದ್ಘಾಟನಿ ಅದರಿ. ಸೈಕಲ್ ಇವೇ, ರಿಬ್ಬನ್ ಅಷ್ಟೇ ಹೊಸಾದು."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ. ಮೈಯೆಲ್ಲ ಉರಿಯಿತು. ದೂರು ಕೊಡೋಣವೆಂದರೆ, ತನಿಖೆಯ ಹೆಸರಿನಲ್ಲಿ ಸೈಕಲ್‌ಗಳನ್ನೇ ಕೋಣೆಗೆ ಹಾಕುತ್ತಾರೆ. ಸೈಕಲ್ ಕಲಿಯುವುದು ಮುಂದಿನ ಜನ್ಮಕ್ಕಾದೀತು. ಅದಕ್ಕೇ ಸೋಮವಾರ ಭಾಲ್ಕಿ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆ ಯೋಜನೆಯಾದರೂ ಊರು ಬಿಟ್ಟು ಹೋಗಿರಲಿಲ್ಲ.

ಭಾಲ್ಕಿಯಲ್ಲಿ ಸೊಟ್ಟ ಬೆಲ್ಲಿನ ನನ್ನ ಸೈಕಲ್ ಮೊದಲ ಸಾಲಿನಲ್ಲೇ ನಿಂತಿತ್ತು. ಭಾಷಣವೂ ಹಳೆಯದೇ, ನಡುವೆ ಎರಡು ಸಲ "ಬೀದರಿನ ಮಹಾಜನರೇ" ಎಂದೂ ಬಂತು. ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಹೋಳಿಗೆಯ ಮೇಲೆ ತುಪ್ಪ ಬೀಳದೆ ಏಳುವವರಲ್ಲ ನಮ್ಮ ಜನ. ಆ ತುಪ್ಪದ ಪುಣ್ಯದಿಂದ ನಾನು ಪೆಡಲ್ ತುಳಿಯುವುದನ್ನು ಕಲಿತೆ. ಡ್ರೈವರ್ ಹಿಂದೆ ಹಿಡಿದು ಓಡಿದ, ಕೊನೆಗೆ ಅವನೇ ನಿಲ್ಲಿಸಿ ಇಳಿಸಿದ.

"ಇನ್ನ ಔರಾದ ಒಂದೇ ಉಳಿದದರಿ. ಅದು ಮುಗದ ಮ್ಯಾಲ ಗೋದಾಮಿಗಿ ಹಾಕಿ ಬೀಗ ಜಡೀತಾರ" ಎಂದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಔರಾದಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಸಿಹಿಗೆ ಸಜ್ಜಕ. ಅಡುಗೆಯವರ ಕೈ ತಣ್ಣಗಿರಲಿ ಎಂದು ಮನಸಾರೆ ಹರಸಿ ಸೈಕಲ್ ಹತ್ತಿದೆ. ಅರ್ಧ ಸುತ್ತು ಆದ ಮೇಲೆ "ಬಿಡಪ್ಪಾ" ಎಂದೆ. "ಬಿಟ್ಟು ಆಗಲೇ ಹೊತ್ತಾತ್ರಿ" ಎಂಬ ಮಾತು ದೂರದಿಂದ ಕೇಳಿಸಿತು. ಸೈಕಲ್ ಓಡುತ್ತಲೇ ಇತ್ತು. ಅಷ್ಟು ಸಂತೋಷ ನನಗೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ. ಕಣ್ಣು ತುಂಬಿ ಎದುರಿನ ಇಟ್ಟಿಗೆ ಮಸುಕಾಯಿತು.

ಶಾಮಿಯಾನದ ಹತ್ತಿರ ತಿರುಗುವಾಗ ಅಧಿಕಾರಿಯೊಬ್ಬರು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಯಾರ್ರಿ ನೀವು? ಇವು ಸಾರ್ವಜನಿಕರ ಸೈಕಲ್ ಅವ. ಸಿಕ್ಕಸಿಕ್ಕವರು ಹತ್ತೋಹಂಗಿಲ್ಲ. ಇಳೀರಿ."

ಡ್ರೈವರ್ ಇದನ್ನು ಕೇಳಿಸಿಕೊಳ್ಳದವನ ಹಾಗೆ ಟೆಂಪೊದ ಟೈರು ನೋಡುತ್ತ ಕುಳಿತುಬಿಟ್ಟ.

"ಇಳಿಯೋದು ಇನ್ನಾ ಕಲ್ತಿಲ್ರಿ ಸಾಹೇಬ್ರ" ಎಂದೆ, ಅವರ ಮುಂದೆಯೇ ಹಾದುಹೋಗುತ್ತ. "ನಿಮ್ದು ಊಟ ಲಗೂನ ಮುಗೀತು."