ಅಕ್ಕನ ಸೋಮವಾರದ ಮೌನ

ಕಳೆದ ಗುರುವಾರ ಕಾನಹೊಸಹಳ್ಳಿಯಲ್ಲಿರುವ ನನ್ನ ಅಕ್ಕನ ಬಳೆ ಅಂಗಡಿಗೆ ಒಬ್ಬಾಕೆ ಬಂದರು. ಬಸುರಿ ಮಗಳ ಕುಬುಸದ ಶಾಸ್ತ್ರಕ್ಕೆ ಹಸಿರು ಬಳೆ ಬೇಕಿತ್ತು. ಅಕ್ಕ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಕೌಂಟರ್ ಮೇಲಿಟ್ಟುಕೊಂಡಳು. ಆಕೆಯ ಮುಖ ನೋಡಿದಳು. ತುಟಿ ಎರಡು ಸಲ ಅಲ್ಲಾಡಿತು.

"ಚಕ್ಲಿ... ಎಷ್ಟು ಡಜನ್?"

ಬಂದಾಕೆ ಒಂದು ಕ್ಷಣ ಗಲಿಬಿಲಿಗೊಂಡರು. ಆಮೇಲೆ ಕಿವುಡರಿಗೆ ಹೇಳುವಂತೆ ಜೋರಾಗಿ ಕೂಗಿದರು: "ಬಳಿ ಬೇಕ್ರೀ, ಬಳಿ. ಹಸ್ರು ಬಳಿ."

ಅಕ್ಕನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ತಾನು ಹೇಳಿದ್ದು ತಪ್ಪು ಎಂಬುದೂ ಹೇಳಿದ ಕೂಡಲೇ ಗೊತ್ತಾಗುತ್ತದೆ. ಮುಖ ಕೆಂಪಾಗಿತ್ತು. (ಇದೇ ಈ ಕಾಯಿಲೆಯ ಕೆಟ್ಟತನ. ಬುದ್ಧಿಯೂ ಹೋಗಿದ್ದರೆ ಅವಮಾನವಾದರೂ ಆಗುತ್ತಿರಲಿಲ್ಲ.) ಅಕ್ಕನ ತಲೆಯೂ ಒಂದು ಅಂಗಡಿಯಂತೆ: ತುಂಬ ಸರಕಿದೆ, ಡಬ್ಬಿಗಳ ಮೇಲಿನ ಚೀಟಿಗಳಷ್ಟೇ ಅದಲುಬದಲಾಗಿವೆ. ಕೊನೆಗೆ ಬೇಕಾದ ಅಳತೆಯ ಬಳೆಯನ್ನು ಅಕ್ಕನೇ ಎಡಗೈಯಲ್ಲಿ ತೆಗೆದುಕೊಟ್ಟಳು. ಅಳತೆಯಲ್ಲಿ ತಪ್ಪಲಿಲ್ಲ.

ಇಷ್ಟು ವರ್ಷ ಈ ಅಂಕಣದಲ್ಲಿ ಊರಿನವರ ತಪ್ಪುಗಳನ್ನೆಲ್ಲ ಬರೆದಿದ್ದೇನೆ. ಈ ವಾರ ನನ್ನದು.

ಅಕ್ಕ ಸೋಮವಾರ ಸ್ನಾನ ಮಾಡಿದ ಮೇಲೆ, ಮಧ್ಯಾಹ್ನ ದೇವರಿಗೆ ಎಡೆ ಹಿಡಿಯುವವರೆಗೂ ಮಾತಾಡುವುದಿಲ್ಲ. ನಮ್ಮ ಅವ್ವ ಹಿಡಿದ ವ್ರತ, ಅವ್ವನ ನಂತರ ಅಕ್ಕನಿಗೆ ಬಂತು. ಏನು ಬೇಕಿದ್ದರೂ ಕೈಸನ್ನೆ. ಹೆಬ್ಬೆರಳು ಬಾಯಿಗಿಟ್ಟರೆ ನೀರು. ಅಂಗೈ ಅಲ್ಲಾಡಿಸಿದರೆ "ಅತ್ಲಾಗ ಹೋಗ್ರಿ, ತೊಂದ್ರಿ ಕೊಡಬ್ಯಾಡ್ರಿ." ವಾರವಿಡೀ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುವಂತೆ ಮಾತಾಡುವವಳು ಅರ್ಧ ದಿನ ಸುಮ್ಮನಿದ್ದರೆ ಮನೆಯೇ ಬೇರೆ ಅನ್ನಿಸುತ್ತಿತ್ತು. ಗೊಬ್ಬರದಂಗಡಿ ಇಟ್ಟಿರುವ ನಮ್ಮ ಭಾವ ಹೇಳುತ್ತಿದ್ದರು: "ಸೋಮವಾರ ಬಂತಂದ್ರ ನನ್ನ ಕಿವಿಗೆ ರಜಾ ನೋಡಪಾ."

ನಾವೆಲ್ಲ ನಗುತ್ತಿದ್ದೆವು. ಅಕ್ಕನೂ.

ಮೂರು ತಿಂಗಳ ಹಿಂದಿನ ಮಾತು. ಗುಡೇಕೋಟೆಯಲ್ಲಿ ಗೆಳೆಯನ ಮಗನ ಮದುವೆ ಮುಗಿಸಿ ಭಾನುವಾರ ಅಕ್ಕನ ಮನೆಯಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಭಾವ ಅಂಗಡಿಗೆ ಹೋದರು. ನಾನು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತೆ. ಮಧ್ಯಾಹ್ನದೊಳಗೆ ಇದೇ ಅಂಕಣ ಕಳಿಸಬೇಕಿತ್ತು. ಅಕ್ಕ ಪೂಜೆ ಮುಗಿಸಿ ದೇವರ ಕೋಣೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನಿಂದ ನಾಲ್ಕು ಮಾರು.

ಒಂಬತ್ತೂವರೆಗೆ ನನ್ನ ಕಡೆ ಅಂಗೈ ಅಲ್ಲಾಡಿಸಿದಳು. ಎಡಗೈ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಯಾಕಕ್ಕ, ಇವತ್ತು ಬಲಗೈಗೂ ಮೌನ ಏನು?" ಎಂದೆ. ನನ್ನ ಜೋಕಿಗೆ ನಾನೇ ನಕ್ಕೆ. ಮತ್ತೆ ಟೈಪ್ ಮಾಡತೊಡಗಿದೆ.

ಇನ್ನೊಂದು ಸಲ ಕೈ ಆಡಿದ್ದು ಕಣ್ಣಂಚಿಗೆ ಕಂಡಿತು. ತಲೆ ಎತ್ತಲಿಲ್ಲ. ಇನ್ನೂರು ಪದ ಬಾಕಿ ಇದ್ದವು.

ಹನ್ನೆರಡೂವರೆಗೆ ಭಾವ ಊಟಕ್ಕೆ ಬಂದರು. "ಇನ್ನೂ ಎಡಿ ಹಿಡಿದಿಲ್ಲೇನ?" ಎಂದು ಕೇಳುತ್ತ ಹತ್ತಿರ ಹೋದರು. ಅಕ್ಕ ಬಾಯಿ ತೆರೆದಳು. ಬಾಯಿ ಒಂದು ಕಡೆಗೆ ಜಾರಿತ್ತು.

"ಸೂಜಿ" ಎಂದಳು. "ಸೂಜಿ. ಸೂಜಿ."

ಪಕ್ಕದ ಮನೆಯವರ ಕಾರು. ಕೂಡ್ಲಿಗಿ ಆಸ್ಪತ್ರೆಯಲ್ಲಿ ನೋಡಿದವರು ಕೆಳಗಿಳಿಸಲೂ ಬಿಡದೆ "ನೇರ ಹೊಸಪೇಟೆಗೆ ಹೋಗ್ರಿ" ಎಂದರು. ದಾರಿಯುದ್ದಕ್ಕೂ ಸೂಜಿ. ನೀರು ಬೇಕೋ, ತಲೆ ನೋಯುತ್ತಿದೆಯೋ, ಸಾಯುತ್ತೇನೆ ಎನ್ನುತ್ತಿದ್ದಾಳೋ, ಎಲ್ಲದಕ್ಕೂ ಆಕೆಗೆ ಸಿಕ್ಕಿದ್ದು ಅದೊಂದೇ ಪದ. ಭಾವ ಆಕೆಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು "ಆತು, ಆತು, ತರೂಣು" ಎನ್ನುತ್ತಿದ್ದರು. ಏನು ತರುವುದು?

ಎರಡೂವರೆಗೆ ಹೊಸಪೇಟೆ. ಸ್ಕ್ಯಾನ್ ಆಯಿತು. ಪಾರ್ಶ್ವವಾಯು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. ಶುರುವಾಗಿದ್ದು ಎಷ್ಟು ಗಂಟೆಗೆ?

"ಹನ್ನೆರಡೂವರಿಗೆ ನೋಡಿದ್ವಿ ಸಾರ್, ನಾ ಊಟಕ್ಕ ಬಂದಾಗ" ಎಂದರು ಭಾವ.

ಡಾಕ್ಟರ್ ಗಡಿಯಾರ ನೋಡಿದರು. "ಹಾಗಾದ್ರೆ ಟೈಮ್ ಇದೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಡಬಹುದು. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಮೀರಿದ ಮೇಲೆ ಕೊಟ್ರೆ ತಲೆಯೊಳಗೆ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಅದಕ್ಕಿಂತ ಮುಂಚೆ ಸರಿಯಾಗಿದ್ದರು ತಾನೆ? ಖಾತ್ರಿ?"

ಭಾವನ ಮುಖದಲ್ಲಿ ಆಸೆ ಮೂಡಿತ್ತು. ಹೇಳಿದರೆ ಇಂಜೆಕ್ಷನ್ ಹೋಗುತ್ತದೆ. ಹೇಳದಿದ್ದರೆ ಅಕ್ಕನೇ ಹೋಗಬಹುದು.

"ಒಂಬತ್ತೂವರಿಗೇ ಎಡಗೈ ಆಡಿಸ್ತಿದ್ಲು ಸಾರ್" ಎಂದೆ. "ನಾ ವ್ರತದ ಕೈಸನ್ನಿ ಅಂದ್ಕೊಂಡೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಭಾವ ನನ್ನ ಕಡೆ ತಿರುಗಿ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಇಂಜೆಕ್ಷನ್ ಕೊಡಲಿಲ್ಲ.

ಅಕ್ಕ ಉಳಿದಳು. ಕಾಲು ಎಳೆದುಕೊಂಡು ನಡೆಯುತ್ತಾಳೆ. ಮಾತು ಮಾತ್ರ ಇನ್ನೂ ಹೀಗೆ. ಹದಿನೈದು ದಿನಕ್ಕೊಮ್ಮೆ ಹೊಸಪೇಟೆಯಲ್ಲಿ ಮಾತಿನ ತರಬೇತಿ. ಅಲ್ಲಿ ಕಲಿಸುವ ಹುಡುಗಿ ಮೊದಲ ದಿನವೇ ನನಗೆ ಹೇಳಿದಳು: "ಸಾರ್, ಅವರ ಬಾಯಿಗೆ ನೀವು ಪದ ಹಾಕಬೇಡಿ. ಕಾಯಿರಿ."

ನನಗೆ ಕಾಯಲು ಬರುವುದಿಲ್ಲ. ಈಗ ಪ್ರತಿ ಗುರುವಾರ ಹಗರಿಬೊಮ್ಮನಹಳ್ಳಿಯಿಂದ ಬಸ್ ಹತ್ತಿ ಅಕ್ಕನ ಅಂಗಡಿಗೆ ಬರುತ್ತೇನೆ. ಆಕೆ ಬಾಯಿ ತೆರೆಯುವುದೇ ತಡ, ನಾನು ಶುರು. ಚಾನಾ? ಮಾತ್ರಿನಾ? ಫ್ಯಾನ್ ಹಾಕ್ಲಾ? ನೋಡಿದವರು "ತಮ್ಮ ಅಂದ್ರ ಇಂಥವ ಇರಬೇಕು" ಎನ್ನುತ್ತಾರೆ. ನಿಜ ಹೇಳಲೇ? ಅದು ಪ್ರೀತಿಯಲ್ಲ, ಹೆದರಿಕೆ. ಆಕೆಗೆ ಬೇಕಾದ ಪದ ಸಿಕ್ಕಿಬಿಟ್ಟರೆ ನನಗೆ ಏನು ಹೇಳುತ್ತಾಳೆ ಎಂಬ ಹೆದರಿಕೆ. ಅದಕ್ಕೇ ನನ್ನ ಪದಗಳನ್ನು ಮುಂದೆ ತಳ್ಳುತ್ತಿದ್ದೆ.

ಮೊನ್ನೆ ಆ ಹಸಿರು ಬಳೆಯಾಕೆ ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ. ಅಕ್ಕ ನನ್ನತ್ತ ತಿರುಗಿದಳು.

"ಅವತ್ತು..." ಎಂದಳು.

ನಾನು ನಡುವೆ ಬಾಯಿ ಹಾಕಿದೆ. "ಅವತ್ತು ಗುಡೇಕೋಟಿ ಮದುವಿ ಮುಗಿಸಿ ಬಂದಿದ್ನಲ್ಲ, ಅದಾ?"

ತಲೆ ಆಡಿಸಿದಳು. ಅಲ್ಲ.

"ಆಸ್ಪತ್ರಿ ವಿಷಯಾ? ಭಾವ ಏನರ ಅಂದ್ರಾ? ನೀರು ಕುಡೀತಿ ಏನಕ್ಕ?"

ಎಡಗೈಯಿಂದ ಕೌಂಟರ್ ಗುದ್ದಿದಳು. ಗಾಜಿನ ಬಳೆಗಳೆಲ್ಲ ಝಲ್ಲೆಂದವು. "ಸುಮ್ನಿರು."

ಆ ಪದ ತಡವರಿಸದೆ ಬಂತು. ನಾನು ಸುಮ್ಮನಾದೆ.

ಹೊರಗೆ ಕೂಡ್ಲಿಗಿ ಬಸ್ ಬಂತು, ಹೋಯಿತು. ಅಕ್ಕನ ಹಣೆ ಬೆವೆತಿತ್ತು. ಒಂದು ಪದ ತಂದಳು, ಅದಲ್ಲವೆಂದು ತಲೆ ಆಡಿಸಿ ಬಿಟ್ಟಳು. ಇನ್ನೊಂದು ಹುಡುಕಿದಳು. ಎದ್ದು ಓಡಿಹೋಗಬೇಕೆನ್ನಿಸಿತು. ಕೂತೇ ಇದ್ದೆ.

"ಅವತ್ತು... ನಾ... ಕೈ ಮಾಡ್ದೆ."

"ಹೌದಕ್ಕ. ಮಾಡಿದ್ದಿ."

ಮತ್ತೆ ತುಟಿ ಅಲ್ಲಾಡಿತು. ಕಣ್ಣು ನನ್ನ ಮುಖದಿಂದ ಕದಲಲಿಲ್ಲ.

"ನೀ... ನಕ್ಕಿ."

ಮೂರು ತಿಂಗಳಲ್ಲಿ ಆಕೆ ಒಂದು ತಪ್ಪೂ ಇಲ್ಲದೆ ಹೇಳಿ ಮುಗಿಸಿದ ಮೊದಲ ಪೂರಾ ಮಾತು ಇದು. "ಹೌದಕ್ಕ, ನಕ್ಕೆ" ಎಂದೆ. ತಪ್ಪಾಯಿತು ಎಂದೆ. ಅತ್ತೂಬಿಟ್ಟೆ. ಅಕ್ಕ ಅಳಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಆ ಪದ ಸಿಗಲಿಲ್ಲವೋ, ಹುಡುಕಲಿಲ್ಲವೋ, ನಾನು ಕೇಳಲಿಲ್ಲ.

ವ್ರತವನ್ನು ದೂರುತ್ತಿಲ್ಲ. ದೇವರ ಮುಂದೆ ಕೂತವಳು ಮಾತು ಬಿಟ್ಟಿದ್ದಳೇ ಹೊರತು, ನಮ್ಮನ್ನು ಕರೆಯುವುದನ್ನು ಬಿಟ್ಟಿರಲಿಲ್ಲ. ಎರಡು ಸಲ ಕರೆದಳು.

ಮನೆಯ ಹೆಣ್ಣು ಬಾಯಿ ಮುಚ್ಚಿ ಕೂತರೆ ಅದನ್ನು ನೆಮ್ಮದಿ ಎಂದುಕೊಳ್ಳಲು ನಮಗೆ ಕಲಿಸಿದವರು ಯಾರು?