ತುದಿಗೆ ನಿಂತವಳು

ಸಿಂದಗಿಯ ಅಂಗಡಿಯೊಂದರಲ್ಲಿ ಡಿಶ್ ಕೂಡಿಸುವ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಮೋರಟಗಿಯ ಮನೆಯೊಂದರಿಂದ ತಕರಾರು ಬಂತೆಂದು ಹೋದರೆ, ಟಿ.ವಿ. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಕೊರಿಯಾದ ಚಾನೆಲ್‌ನಲ್ಲಿ ಐದು ಹುಡುಗಿಯರು ಕುಣಿಯುತ್ತಿದ್ದರು. ಎದುರಿಗೆ ಒಬ್ಬ ಮುದುಕಿ ಕೂತಿದ್ದರು.

"ಏನಾಗೇತ್ರಿ ಆಯಿ? ಎಲ್ಲಾ ಬರಾಕತ್ತೇತಲ್ಲ?" ಎಂದೆ.

"ತುದಿಗಿ ನಿಂತಾಕಿನ್ನ ನೋಡು ತಮ್ಮಾ. ದಿನಾ ನೋಡ್ತೇನಿ, ಅಕಿ ಮೊದಲಿನಾಕಿ ಅಲ್ಲ. ಮೊದಲಿನಾಕಿ ಕಳದಾಳ. ಡಿಶ್ ತಿರುಗಿಸಿ ಹುಡುಕಿ ಕೊಡು."

ನಗು ಬಂತು. ತೆರೆಯ ಕೆಳಗೆ ಆ ಗುಂಪಿನ ಬಗ್ಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಕೂಡಿಸಿ ಓದಿ ತಿಳಿಸಿದೆ. "ಅಲ್ಲಿ ಕಂಪನಿಯವರು ಸಣ್ಣ ಹುಡುಗ್ಯಾರನ್ನ ಆರಿಸಿ, ವರ್ಷಗಟ್ಟಲೆ ಹಾಡು ಕುಣಿತ ಕಲಿಸಿ, ಆಮ್ಯಾಲೆ ಗುಂಪು ಕಟ್ತಾರ್ರಿ. ಒಬ್ಬಾಕಿ ಬಿಟ್ರ ಅದ ಜಾಗಾದಾಗ ಇನ್ನೊಬ್ಬಾಕಿನ್ನ ನಿಂದ್ರಸ್ತಾರ."

"ಜಾಗಾ ಕೊಡ್ಲಿ. ಅಕಿ ನಗಿ ಇಕಿ ಮಾರಿಗಿ ಹ್ಯಾಂಗ ಬಂತು?"

ನೋಡಿದೆ. ಐವರೂ ಒಂದೇ ಗಳಿಗೆಗೆ ನಕ್ಕು, ಒಂದೇ ಗಳಿಗೆಗೆ ನಗು ನಿಲ್ಲಿಸಿದರು.

ಹೊರಡಲು ಎದ್ದಾಗ ಆಯಿ ನನ್ನ ಅಂಗಿಯ ಕಿಸೆಯ ಮೇಲೆ ಬೆರಳಿಟ್ಟರು. ಅಲ್ಲಿ ದಾರದಿಂದ ಹೊಲಿದಿದ್ದ ಹೆಸರು ನನ್ನದಲ್ಲ. ಅಂಗಡಿಯ ಗೂಟಕ್ಕೆ ತೂಗುಬಿದ್ದಿದ್ದ ಅಂಗಿ, ಮಾಲೀಕರು ತೊಟ್ಟುಕೋ ಎಂದಿದ್ದರು, ತೊಟ್ಟಿದ್ದೆ.

"ಈ ಅಂಗಿಯಾಂವ ಹೋದ ತಿಂಗಳ ಬಂದಿದ್ದ. ಅವನೂ ಬಂದಕೂಡ್ಲೆ 'ಏನಾಗೇತ್ರಿ ಆಯಿ' ಅಂದಿದ್ದ. ಎಲ್ಲಿ ಹೋದ?"

"ಗೊತ್ತಿಲ್ರಿ," ಎಂದೆ. ಕೆಲಸಕ್ಕೆ ಸೇರುವಾಗ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಂಗಿ ಮಾತ್ರ ಅಳತೆ ಕೊಟ್ಟು ಹೊಲಿಸಿದ ಹಾಗೆ ಮೈಗೆ ಸರಿಯಾಗಿ ಕೂತಿತ್ತು.